ಘನವೂ ಹೌದು, ದ್ರವವೂ ಹೌದು: ಅತಿಘನಗಳ ಪರಿಭ್ರಮಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವ ಕ್ರಮ ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದದ್ದೇ. ಬಲಿತ ಕಾಯನ್ನು ಒಡೆಯದೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಇರಿಸುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಒಣಗಿ, ಕುಗ್ಗಿ, ಕರಟದಿಂದ ಬಿಡಿಸಿಕೊಳ್ಳುತ್ತದೆ. ಈ ಕಾರ್ಯ ಮುಗಿಯಿತೋ ಇಲ್ಲವೋ ಎಂದು ತಿಳಿಯಲು ರೈತನು ಕಾಯನ್ನು ಒಡೆದು ನೋಡುವುದಿಲ್ಲ. ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾನೆ. ನೀರಿದ್ದರೆ ಕುಳುಕುವ ಸದ್ದು. ತಿರುಳು ಇನ್ನೂ ಕರಟಕ್ಕೆ ಅಂಟಿದ್ದರೆ ಮೌನ. ಉಂಡೆ ಬಿಟ್ಟಿದ್ದರೆ ಗಡಗಡ ಎಂಬ ಗಟ್ಟಿಯಾದ ಸದ್ದು.

ಮುಚ್ಚಿದ ವಸ್ತುವನ್ನು ಒಡೆಯದೆ, ಅದನ್ನು ಅಲುಗಿಸಿ, ಆ ಅಲುಗಾಟಕ್ಕೆ ಅದು ಕೊಡುವ ಉತ್ತರದಿಂದ ಒಳಗಿನ ಸ್ಥಿತಿಯನ್ನು ಅರಿಯುವ ಈ ಉಪಾಯ ಭೌತವಿಜ್ಞಾನಿಗಳಿಗೂ ಬಹು ಪ್ರಿಯವಾದದ್ದು. ಒಂದೇ ಪದಾರ್ಥವು ಏಕಕಾಲದಲ್ಲಿ ಘನವೂ, ಘರ್ಷಣೆಯಿಲ್ಲದೆ ಹರಿಯುವ ದ್ರವವೂ ಆಗಿರಬಲ್ಲುದೇ ಎಂಬ ವಿಚಿತ್ರ ಪ್ರಶ್ನೆಗೆ ಉತ್ತರ ದೊರೆತದ್ದು ಈ ಉಪಾಯದಿಂದಲೇ. ಆ ಉತ್ತರವನ್ನು ಹುಡುಕುವಾಗ ಒಮ್ಮೆ ದಾರಿ ತಪ್ಪಿದ್ದೂ ಉಂಟು. ಎರಡನ್ನೂ ಈ ಪಾಠದಲ್ಲಿ ಪರಿಶೀಲಿಸೋಣ.

ಎಣ್ಣೆಯ ತಂಬಿಗೆ

ಮೊದಲು ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗ. ಕೊಬ್ಬರಿ ಎಣ್ಣೆಯು ಸುಮಾರು ೨೪ ಅಥವಾ ೨೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುತ್ತದೆ. ನಮ್ಮ ಸೀಮೆಯ ಪುಷ್ಯಮಾಸದ ಮುಂಜಾನೆಯಲ್ಲಿ ಅದು ಘನ. ಮಧ್ಯಾಹ್ನದ ಬಿಸಿಲಿನಲ್ಲಿ ದ್ರವ. ಒಂದು ತೆಳುವಾದ ತಂಬಿಗೆಯ ತುಂಬ ಈ ಎಣ್ಣೆಯನ್ನು ತುಂಬಿ, ಬಾಯಿ ಕಟ್ಟಿ, ಉಕ್ಕಿನ ತಂತಿಯೊಂದರಿಂದ ತೂಗುಹಾಕಿರಿ. ತಂಬಿಗೆಯನ್ನು ಸ್ವಲ್ಪ ತಿರುಚಿ ಬಿಟ್ಟರೆ ಅದು ಎಡಕ್ಕೂ ಬಲಕ್ಕೂ ತಿರುಗಾಡುತ್ತದೆ. ಇದೇ ತಿರುಚು ಲೋಲಕ. ಒಂದು ಸಾರಿ ಹೋಗಿಬರಲು ಹಿಡಿಯುವ ವೇಳೆಯೇ ಅದರ ಆವರ್ತಕಾಲ.

ಆವರ್ತಕಾಲವನ್ನು ನಿರ್ಧರಿಸುವ ಅಂಶಗಳು ಎರಡು. ಒಂದು, ತಿರುಗುವ ವಸ್ತುವಿನ ಜಡತಾ ಮಹತ್ವ, ಅಂದರೆ ತಿರುಗಿಸುವ ಯತ್ನಕ್ಕೆ ವಸ್ತುವು ಒಡ್ಡುವ ಜಡತೆ. ಎರಡನೆಯದು, ತಂತಿಯ ಬಿಗುವು. ಆವರ್ತಕಾಲದ ವರ್ಗವು ಜಡತಾ ಮಹತ್ವಕ್ಕೆ ಅನುಲೋಮವಾಗಿಯೂ ಬಿಗುವಿಗೆ ವಿಲೋಮವಾಗಿಯೂ ಇರುತ್ತದೆ. ಈ ವಾಕ್ಯವನ್ನು ವಿದ್ಯಾರ್ಥಿಗಳು ಚೆನ್ನಾಗಿ ನೆನಪಿಡಬೇಕು. ಮುಂದೆ ಇದರಿಂದಲೇ ಒಂದು ದೊಡ್ಡ ತೊಡಕು ಹುಟ್ಟುತ್ತದೆ.

ಎಣ್ಣೆ ಹೆಪ್ಪುಗಟ್ಟಿರುವಾಗ ಪಾತ್ರೆಯೊಡನೆ ಅದರ ಪ್ರತಿಯೊಂದು ಕಣವೂ ತಿರುಗಲೇಬೇಕು. ಕರಗಿದ ಮೇಲಾದರೋ ಪಾತ್ರೆಯ ಗೋಡೆಗೆ ತಾಗಿದ ತೆಳು ಪದರವೊಂದು ಮಾತ್ರ ಗೋಡೆಯ ಜೊತೆಗೆ ಓಲಾಡುತ್ತದೆ; ನಾಲ್ಕು ಸೆಕೆಂಡುಗಳ ಲೋಲಕದಲ್ಲಿ ಈ ಪದರದ ದಪ್ಪ ಒಂದು ಸೆಂಟಿಮೀಟರಿಗೂ ಕಡಮೆ. ನಡುವಣ ಎಣ್ಣೆ ಬಹುಮಟ್ಟಿಗೆ ತಟಸ್ಥ. ಆದಕಾರಣ ತೂಕ ಒಂದೇ ಆಗಿದ್ದರೂ ಮಧ್ಯಾಹ್ನದ ಜಡತಾ ಮಹತ್ವ ಮುಂಜಾನೆಯದಕ್ಕಿಂತ ಕಡಮೆ, ಆವರ್ತಕಾಲವೂ ಕಡಮೆ. ಹೀಗೆ ಗಡಿಯಾರವೊಂದರಿಂದಲೇ, ಪಾತ್ರೆಯ ಬಾಯಿ ತೆರೆಯದೆ, ಒಳಗಿನದು ಘನವೋ ದ್ರವವೋ ಎಂದು ಹೇಳಬಹುದು.

ಆದರೆ ಒಂದು ಮಾತು. ತಂಬಿಗೆಯನ್ನು ಓಲಾಡಿಸುವುದಕ್ಕೆ ಬದಲಾಗಿ ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಬಹುಕಾಲ ತಿರುಗಿಸಿದರೆ, ಕರಗಿದ ಎಣ್ಣೆಯೂ ಕೊನೆಗೆ ಪೂರ್ತಿಯಾಗಿ ಅದರೊಡನೆ ತಿರುಗತೊಡಗುತ್ತದೆ. ಪದರ ಪದರಗಳ ನಡುವಣ ಸ್ನಿಗ್ಧತೆಯೇ ಇದಕ್ಕೆ ಕಾರಣ. ಸ್ನಿಗ್ಧತೆಯೇ ಇಲ್ಲದ ದ್ರವವಿದ್ದರೆ?

ಅತಿದ್ರವ ಮತ್ತು ಅವಿರತ ಪ್ರವಾಹ

ಅಂಥ ದ್ರವವುಂಟು. ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಆನ್ನೆಸ್ ಅವರು ೧೯೦೮ರಲ್ಲಿ ಹೀಲಿಯಮ್ ಅನಿಲವನ್ನು ದ್ರವೀಕರಿಸಿದರು. ಈ ದ್ರವವನ್ನು ೨.೧೭ ಕೆಲ್ವಿನ್‌ಗಿಂತ ಕೆಳಕ್ಕೆ ತಂಪುಗೊಳಿಸಿದರೆ ಅದು ಅತಿಸೂಕ್ಷ್ಮ ಸಂದುಗಳಲ್ಲಿಯೂ ಘರ್ಷಣೆಯಿಲ್ಲದೆ ಹರಿಯುತ್ತದೆಂದು ೧೯೩೮ರಲ್ಲಿ ಮಾಸ್ಕೋವಿನ ಕಪಿತ್ಸಾ ಅವರೂ, ಕೇಂಬ್ರಿಜ್‌ನ ಅಲೆನ್ ಮತ್ತು ಮೈಸ್ನರ್ ಅವರೂ ಪ್ರಕಟಿಸಿದರು. ಇದನ್ನು ಅತಿದ್ರವವೆಂದು ಕರೆಯೋಣ. ೧೯೪೬ರಲ್ಲಿ ಆಂಡ್ರೊನಿಕಾಶ್ವಿಲಿ ಅವರು ನಮ್ಮ ತಂಬಿಗೆಯ ಪ್ರಯೋಗವನ್ನು ಹೋಲುವ ಪ್ರಯೋಗವನ್ನೇ ಹೀಲಿಯಮ್ಮಿನಲ್ಲಿ ಮಾಡಿದರು. ಒತ್ತೊತ್ತಾಗಿ ಜೋಡಿಸಿದ ಬಿಲ್ಲೆಗಳ ಅಟ್ಟಿಯನ್ನು ದ್ರವದಲ್ಲಿ ಮುಳುಗಿಸಿ ತಿರುಚಿದಾಗ, ತಾಪ ಇಳಿದಷ್ಟೂ ಬಿಲ್ಲೆಗಳೊಡನೆ ತಿರುಗುವ ಹೀಲಿಯಮ್ಮಿನ ಪಾಲು ಕಡಮೆಯಾಗುತ್ತ ಹೋಯಿತು.

ಕಾರಣವೇನು? ಅತಿಶೈತ್ಯದಲ್ಲಿ ಪರಮಾಣುಗಳು ತಮ್ಮ ಪ್ರತ್ಯೇಕತೆಯನ್ನು ಬಿಟ್ಟು ಒಂದೇ ತರಂಗದಂತೆ ವರ್ತಿಸುತ್ತವೆ. ಸತ್ಯೇಂದ್ರನಾಥ ಬೋಸ್ ಮತ್ತು ಐನ್‌ಸ್ಟೈನ್ ಅವರು ೧೯೨೪–೨೫ರಲ್ಲಿ ಸೂಚಿಸಿದ ಸ್ಥಿತಿ ಇದೇ. ಈ ತರಂಗವನ್ನು ಒಂದು ಬಳೆಯ ಆಕಾರದಲ್ಲಿ ಹರಡಿದೆವೆನ್ನೋಣ. ಬಳೆಯ ಸುತ್ತ ಅಲೆಯ ಚಿತ್ತಾರ ಕೆತ್ತುವವನು ಎಷ್ಟು ಅಲೆಗಳನ್ನಾದರೂ ಕೆತ್ತಬಹುದು. ಆದರೆ ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬಂದಾಗ ಚಿತ್ತಾರ ಕೂಡಿಕೊಳ್ಳಬೇಕಾದರೆ ಅಲೆಗಳ ಸಂಖ್ಯೆ ಪೂರ್ಣಾಂಕವಾಗಿರಲೇಬೇಕು. ಅಲೆಯೇ ಇಲ್ಲದಿದ್ದರೆ ಪ್ರವಾಹವಿಲ್ಲ. ಒಂದು ಅಲೆ ಇದ್ದರೆ ಒಂದು ನಿಶ್ಚಿತ ವೇಗ. ಎರಡಿದ್ದರೆ ಅದರ ಇಮ್ಮಡಿ. ನಡುವಣ ವೇಗಗಳಿಗೆ ಅವಕಾಶವಿಲ್ಲ. ಒಂದರಿಂದ ಸೊನ್ನೆಗೆ ಇಳಿಯಬೇಕಾದರೆ ತರಂಗವು ಎಲ್ಲಿಯಾದರೂ ಹರಿಯಬೇಕು. ಹರಿಯಲು ಶಕ್ತಿ ಬೇಕು. ಅದು ದೊರೆಯದಿರುವವರೆಗೆ ಪ್ರವಾಹ ನಿಲ್ಲುವುದಿಲ್ಲ. ಇದೇ ಅವಿರತ ಪ್ರವಾಹ.

ವೇಗವನ್ನು ಲೆಕ್ಕಮಾಡುವುದು ಸುಲಭ. ಪ್ಲಾಂಕ್ ಸ್ಥಿರಾಂಕವನ್ನು ಪರಮಾಣುವಿನ ದ್ರವ್ಯರಾಶಿಯಿಂದ ಭಾಗಿಸಿ, ಬಂದದ್ದನ್ನು ಬಳೆಯ ಸುತ್ತಳತೆಯಿಂದ ಭಾಗಿಸಬೇಕು. ಸೋಡಿಯಮ್ ಪರಮಾಣುಗಳ ಬಳೆಯ ತ್ರಿಜ್ಯ ಒಂದು ಮಿಲಿಮೀಟರಿನ ೫೦ರಲ್ಲೊಂದು ಪಾಲು ಎಂದಿಟ್ಟುಕೊಂಡರೆ ವೇಗ ಸೆಕೆಂಡಿಗೆ ಸುಮಾರು ೦.೧೪ ಮಿಲಿಮೀಟರು, ಒಂದು ಸುತ್ತಿಗೆ ಸುಮಾರು ೦.೯ ಸೆಕೆಂಡು. ಇರುವೆಗಿಂತಲೂ ಮಂದವಾದ ಈ ಪ್ರವಾಹವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು ೨೦೦೭ರಲ್ಲಿ ೧೦ ಸೆಕೆಂಡುಗಳವರೆಗೂ, ೨೦೧೧ರಲ್ಲಿ ೪೦ ಸೆಕೆಂಡುಗಳವರೆಗೂ ಕಂಡರು. ಇಷ್ಟೇ ಏನು ಎನ್ನಬೇಡಿ. ಯಾವ ಪಾತ್ರೆಯೂ ಇಲ್ಲದೆ ಬೆಳಕಿನ ಬಲೆಯಲ್ಲಿ ತೇಲುವ ಆ ಅನಿಲದ ಆಯುಷ್ಯವೇ ಅಷ್ಟು. ಅದು ಇರುವಷ್ಟು ಕಾಲವೂ ಪ್ರವಾಹ ಹರಿಯಿತು.

ಬಳೆಯಲ್ಲದೆ ತುಂಬಿದ ಪಾತ್ರೆಯಲ್ಲಿರುವ ಅತಿದ್ರವವನ್ನು ತಿರುಗಿಸಿದರೆ? ಮೆಲ್ಲಗೆ ತಿರುಗಿಸಿದರೆ ಅದು ತಿರುಗುವುದೇ ಇಲ್ಲ. ವೇಗ ಒಂದು ಮಿತಿಯನ್ನು ದಾಟಿದಾಗ ಅದರಲ್ಲಿ ಸಣ್ಣ ಸುಳಿಗಳು ಮೂಡುತ್ತವೆ. ಪ್ರತಿಯೊಂದು ಸುಳಿಯ ನಡುವೆ ಪೊಳ್ಳು. ಸುತ್ತಲೂ ಒಂದು ಪೂರ್ಣ ಅಲೆ. ಇದನ್ನು ೧೯೪೯ರಲ್ಲಿ ಆನ್‌ಸಾಗರ್ ಅವರೂ ೧೯೫೫ರಲ್ಲಿ ಫೈನ್‌ಮನ್ ಅವರೂ ಸಿದ್ಧಾಂತದಿಂದ ತಿಳಿಸಿದರು.

ಅತಿಘನವೆಂದರೇನು?

ಘನವಸ್ತುವಿನ ಲಕ್ಷಣ ಕ್ರಮಬದ್ಧತೆ: ಪರಮಾಣುಗಳು ಸಾಲುಸಾಲಾಗಿ ನಿಂತಿರುತ್ತವೆ. ಅತಿದ್ರವದ ಲಕ್ಷಣ ಒಂದೇ ತರಂಗದ ಪ್ರವಾಹ. ಇವೆರಡೂ ಒಂದೇ ವಸ್ತುವಿನಲ್ಲಿ ಕೂಡಿದರೆ ಅದೇ ಅತಿಘನ. ಇಂಥದು ಸಾಧ್ಯವೆಂದು ೧೯೫೭ರಲ್ಲಿ ಗ್ರಾಸ್, ೧೯೬೯ರಲ್ಲಿ ಆಂಡ್ರೆಯೆವ್ ಮತ್ತು ಲಿಫ್‌ಷಿಟ್ಸ್, ೧೯೭೦ರಲ್ಲಿ ಚೆಸ್ಟರ್ ಮತ್ತು ಲೆಗೆಟ್ ಅವರು ಬೇರೆ ಬೇರೆ ದಾರಿಗಳಿಂದ ವಾದಿಸಿದರು.

ಇಲ್ಲಿ ಎರಡು ತಪ್ಪು ಕಲ್ಪನೆಗಳನ್ನು ದೂರಮಾಡಬೇಕು. ಅತಿಘನವು ಒದ್ದೆಯಾದ ತೆಂಗಿನ ನಾರಿನಂತಲ್ಲ. ನಾರಿನಲ್ಲಿ ಘನಭಾಗವೇ ಬೇರೆ, ನೀರೇ ಬೇರೆ. ಅತಿಘನದಲ್ಲಾದರೋ ಸಾಲಾಗಿ ನಿಲ್ಲುವ ಪರಮಾಣುಗಳೂ ಹರಿಯುವ ಪರಮಾಣುಗಳೂ ಅವೇ. ಅದು ದ್ರವಸ್ಫಟಿಕದಂತೆಯೂ ಅಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು ೧೯೭೭ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕಗಳನ್ನು ಕಂಡುಹಿಡಿದದ್ದು ಜಗತ್ಪ್ರಸಿದ್ಧ. ಅವುಗಳಲ್ಲಿ ಅಣುಗಳು ಕಂಬಗಳಂತೆ ಅಟ್ಟಿಗೂಡಿ ಕ್ರಮದಲ್ಲಿ ನಿಂತು, ಕಂಬದ ಉದ್ದಕ್ಕೆ ದ್ರವದಂತೆ ಜಾರುತ್ತವೆ. ಕ್ರಮವೂ ಹರಿವೂ ಅಲ್ಲಿಯೂ ಕೂಡಿವೆ. ಆದರೆ ಆ ಹರಿವಿಗೆ ಸ್ನಿಗ್ಧತೆಯುಂಟು. ಅತಿಘನದ ಹರಿವಿಗೆ ಅದಿಲ್ಲ.

ಅತಿಘನವನ್ನು ಗುರುತಿಸುವ ಬಗೆಯನ್ನು ಲೆಗೆಟ್ ಅವರು ತೋರಿಸಿಕೊಟ್ಟರು: ಅದನ್ನು ತಿರುಗಿಸಿ ನೋಡಿ. ಅದರ ಜಡತಾ ಮಹತ್ವ ಸಾಮಾನ್ಯ ಘನಕ್ಕಿರಬೇಕಾದುದಕ್ಕಿಂತ ಕಡಮೆ, ಅತಿದ್ರವದ್ದಕ್ಕಿಂತ ಹೆಚ್ಚು. ಎಷ್ಟು ಕಡಮೆ ಎಂಬುದನ್ನು ಒಂದು ಸರಳ ಉದಾಹರಣೆಯಿಂದ ತಿಳಿಯೋಣ.

ಬಳೆಯ ಅರ್ಧ ಭಾಗದಲ್ಲಿ ಪರಮಾಣುಗಳು ದಟ್ಟವಾಗಿಯೂ ಇನ್ನರ್ಧದಲ್ಲಿ ವಿರಳವಾಗಿಯೂ ಇರಲಿ. ಸರಾಸರಿ ಸಾಂದ್ರತೆ ೧ ಆದರೆ ದಟ್ಟಭಾಗದಲ್ಲಿ ೧.೬, ವಿರಳಭಾಗದಲ್ಲಿ ೦.೪ ಎನ್ನೋಣ. ನಾಲೆಯ ಅಗಲವಾದ ಕಡೆ ನೀರು ನಿಧಾನವಾಗಿಯೂ ಕಿರಿದಾದ ತೂಬಿನಲ್ಲಿ ರಭಸವಾಗಿಯೂ ಹರಿಯುವಂತೆ, ಇಲ್ಲಿಯೂ ವಿರಳಭಾಗದ ವೇಗ ದಟ್ಟಭಾಗದ ನಾಲ್ಕರಷ್ಟು. ಆದರೆ ಬಳೆಯ ಸುತ್ತ ಒಂದೇ ಅಲೆ ಇರಬೇಕೆಂಬ ನಿಯಮ ವೇಗದ ಸರಾಸರಿಯನ್ನು ಕಟ್ಟಿಹಾಕಿದೆ. ದಟ್ಟಭಾಗದ ವೇಗ ೦.೪, ವಿರಳಭಾಗದ ವೇಗ ೧.೬ ಎಂದರೆ ಸರಾಸರಿ ೧ ಬರುತ್ತದೆ. ಈಗ ಪ್ರವಾಹ, ಎಂದರೆ ಸಾಂದ್ರತೆ ಮತ್ತು ವೇಗಗಳ ಗುಣಲಬ್ಧ, ಎರಡು ಕಡೆಯೂ ೦.೬೪. ಸಾಂದ್ರತೆ ಎಲ್ಲೆಡೆಯೂ ಸಮವಾಗಿದ್ದರೆ ಅದು ೧ ಆಗಿರುತ್ತಿತ್ತು. ಆದ್ದರಿಂದ ಈ ಅತಿಘನದ ಅತಿದ್ರವಾಂಶ ನೂರಕ್ಕೆ ೬೪.

ಇದರಿಂದ ಒಂದು ಮುಖ್ಯ ತತ್ತ್ವ ಹೊರಡುತ್ತದೆ. ಅತಿದ್ರವದ ಬಳೆಯಲ್ಲಿ ಒಂದು ಅಲೆಯಿದ್ದರೆ ಪರಮಾಣುವೊಂದಕ್ಕೆ ಸರಾಸರಿ ಒಂದು ಪೂರ್ಣ ಕ್ವಾಂಟಮ್ ಕೋನೀಯ ಸಂವೇಗವಿರುತ್ತದೆ. ಅತಿಘನದ ಬಳೆಯಲ್ಲಿ ಅಲೆ ಪೂರ್ಣವಾದದ್ದೇ. ಕೋನೀಯ ಸಂವೇಗ ಮಾತ್ರ ಅಪೂರ್ಣ, ನಮ್ಮ ಉದಾಹರಣೆಯಲ್ಲಿ ೦.೬೪. ದಟ್ಟಭಾಗಗಳ ಸಾಲು ಕದಲದೆ ನಿಂತಿರುತ್ತದೆ, ಅದರೊಳಗಿಂದಲೇ ಪ್ರವಾಹ ಅವಿರತವಾಗಿ ಸಾಗುತ್ತದೆ. ನೂರರಲ್ಲಿ ೬೪ ಪರಮಾಣುಗಳು ಹರಿದು ೩೬ ನಿಂತಿವೆಯೆಂದು ಇದರ ಅರ್ಥವಲ್ಲ; ಪ್ರತಿಯೊಂದು ಪರಮಾಣುವೂ ಎರಡು ಕಾರ್ಯಗಳಲ್ಲಿಯೂ ಪಾಲುಗೊಂಡಿದೆ.

ಒಂದು ತಪ್ಪು, ಅದರ ತಿದ್ದುಪಡಿ

ನಮ್ಮ ತರಗತಿಯ ಒಂದು ಅನುಭವವನ್ನು ಇಲ್ಲಿ ಹೇಳುವುದು ಸಂಗತವಾಗಿದೆ. ಎಣ್ಣೆಯ ತಂಬಿಗೆಯನ್ನು ನಾವು ಮೊದಲು ತೂಗುಹಾಕಿದ್ದು ಉಕ್ಕಿನ ತಂತಿಯಿಂದಲ್ಲ, ತೆಂಗಿನ ನಾರಿನ ಹುರಿಯಿಂದ. ಮುಂಜಾನೆಗೂ ಮಧ್ಯಾಹ್ನಕ್ಕೂ ಆವರ್ತಕಾಲ ವ್ಯತ್ಯಾಸವಾಯಿತು, ಎಲ್ಲರಿಗೂ ಸಂತೋಷವಾಯಿತು. ಆಗ ಒಬ್ಬ ವಿದ್ಯಾರ್ಥಿನಿ, ತಂಬಿಗೆಗೆ ಮರಳು ತುಂಬಿಯೂ ನೋಡಬಾರದೇಕೆ ಎಂದು ಕೇಳಿದಳು. ಮರಳು ಕರಗುವುದೂ ಇಲ್ಲ, ಹೆಪ್ಪುಗಟ್ಟುವುದೂ ಇಲ್ಲ. ಆದರೂ ಆವರ್ತಕಾಲ ಬದಲಾಯಿತು! ಮುಂಜಾನೆಯ ಮಂಜಿನಲ್ಲಿ ತೇವಗೊಂಡ ಹುರಿ ಮಧ್ಯಾಹ್ನ ಒಣಗಿ ಅದರ ಬಿಗುವು ಬೇರೆಯಾಗಿತ್ತು. ನಾವು ಎಣ್ಣೆಯದೆಂದು ತಿಳಿದ ಫಲದಲ್ಲಿ ಹುರಿಯ ಪಾಲೂ ಸೇರಿತ್ತು. ನಾಚಿಕೆಯಾದರೂ ಆ ದಿನ ನಾವೇ ಹೆಚ್ಚು ಕಲಿತೆವು.

ಇದೇ ತೊಡಕು ಬಹು ದೊಡ್ಡ ಪ್ರಮಾಣದಲ್ಲಿ ಪ್ರಪಂಚದ ಶ್ರೇಷ್ಠ ಪ್ರಯೋಗಶಾಲೆಯೊಂದರಲ್ಲಿಯೂ ಸಂಭವಿಸಿತು. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದ ಯುನ್‌ಸಿಯಾಂಗ್ ಕಿಮ್ ಮತ್ತು ಮೋಸೆಸ್ ಚಾನ್ ಅವರು ೨೦೦೪ರಲ್ಲಿ ಘನ ಹೀಲಿಯಮ್ ತುಂಬಿದ ತಿರುಚು ಲೋಲಕವನ್ನು ೦.೨ ಕೆಲ್ವಿನ್‌ಗಿಂತ ಕೆಳಕ್ಕೆ ಒಯ್ದಾಗ ಆವರ್ತಕಾಲ ಇಳಿಯಿತು. ಹೀಲಿಯಮ್ಮಿನ ಸುಮಾರು ನೂರರಲ್ಲೊಂದು ಪಾಲು ತಿರುಗದೆ ನಿಂತಂತೆ ತೋರಿತು. ಅತಿಘನ ದೊರೆಯಿತೆಂದು ಲೋಕ ಭಾವಿಸಿತು. ೨೦೦೭ರಲ್ಲಿ ಡೇ ಮತ್ತು ಬೀಮಿಶ್ ಅವರು ಅದೇ ತಾಪದಲ್ಲಿ ಘನ ಹೀಲಿಯಮ್ ತಾನೇ ಹೆಚ್ಚು ಬಿಗಿಯಾಗುತ್ತದೆಂದು ಅಳೆದು ತೋರಿಸಿದರು. ಬಿಗುವು ಹೆಚ್ಚಿದರೂ ಆವರ್ತಕಾಲ ಇಳಿಯುತ್ತದಲ್ಲವೇ? ಚಾನ್ ಅವರು ತಾವೇ ಹೊಸ ಉಪಕರಣವನ್ನು ರಚಿಸಿ, ಬಿಗುವಿನ ಪ್ರಭಾವ ತಗಲದಂತೆ ಮಾಡಿ, ಪ್ರಯೋಗವನ್ನು ಪುನಃ ನಡೆಸಿದರು. ಹಿಂದಿನ ಫಲ ಮಾಯವಾಯಿತು. ೨೦೧೨ರಲ್ಲಿ ಅದನ್ನು ಅವರೇ ಪ್ರಕಟಿಸಿದರು. ತನ್ನ ಕೀರ್ತಿಗೆ ಕಾರಣವಾದ ಪ್ರಯೋಗವನ್ನು ತಾನೇ ಮತ್ತೆ ಪರೀಕ್ಷಿಸಿ ಸುಳ್ಳೆಂದು ಸಾರುವುದು ಸುಲಭವಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಸೂತ್ರಗಳನ್ನು ಮರೆತರೂ ಈ ಕಥೆಯನ್ನು ಮರೆಯಬಾರದು.

ಡಿಸ್ಪ್ರೋಸಿಯಮ್ಮಿನ ಹನಿಗಳು

ಹೀಲಿಯಮ್ಮಿನಲ್ಲಿ ಸಿಕ್ಕದ ಅತಿಘನ ಅನಿಲಗಳಲ್ಲಿ ಸಿಕ್ಕಿತು. ೧೯೯೫ರಲ್ಲಿ ಕಾರ್ನೆಲ್ ಮತ್ತು ವೈಮನ್ ಅವರು ರುಬಿಡಿಯಮ್ಮಿನಲ್ಲಿಯೂ ಕೆಟರ್ಲೆ ಅವರು ಸೋಡಿಯಮ್ಮಿನಲ್ಲಿಯೂ ಬೋಸ್–ಐನ್‌ಸ್ಟೈನ್ ಸಾಂದ್ರೀಕರಣವನ್ನು ಸಾಧಿಸಿದರು. ೨೦೧೭ರಲ್ಲಿ ಜ್ಯೂರಿಕ್ ಮತ್ತು ಮಸಾಚುಸೆಟ್ಸ್‌ಗಳ ವಿಜ್ಞಾನಿಗಳು ಲೇಸರ್ ಬೆಳಕಿನ ಸಹಾಯದಿಂದ ಅತಿಘನದ ಲಕ್ಷಣಗಳನ್ನು ಇಂಥ ಅನಿಲದಲ್ಲಿ ಮೂಡಿಸಿದರು. ೨೦೧೯ರಲ್ಲಿ ಇಟಲಿಯ ಪೀಸಾ–ಫ್ಲಾರೆನ್ಸ್, ಜರ್ಮನಿಯ ಸ್ಟುಟ್‌ಗಾರ್ಟ್, ಆಸ್ಟ್ರಿಯದ ಇನ್ಸ್‌ಬ್ರುಕ್ ಪ್ರಯೋಗಶಾಲೆಗಳು ಡಿಸ್ಪ್ರೋಸಿಯಮ್ ಮತ್ತು ಎರ್ಬಿಯಮ್ ಪರಮಾಣುಗಳಿಂದ ತಾನಾಗಿ ರೂಪುಗೊಳ್ಳುವ ಅತಿಘನವನ್ನು ಪಡೆದುವು.

ಡಿಸ್ಪ್ರೋಸಿಯಮ್ ಪರಮಾಣು ಬಲವಾದ ಸಣ್ಣ ಅಯಸ್ಕಾಂತ. ಇಂಥವು ಒಂದರ ತಲೆಗೆ ಇನ್ನೊಂದರ ಬಾಲ ಬರುವಂತೆ ನಿಂತರೆ ಆಕರ್ಷಿಸುತ್ತವೆ. ಪಕ್ಕಪಕ್ಕದಲ್ಲಿ ನಿಂತರೆ ವಿಕರ್ಷಿಸುತ್ತವೆ. ಈ ಎರಡರ ಎಳೆದಾಟದಿಂದ ಅನಿಲವು ನೀಳವಾದ ಹನಿಗಳಾಗಿ ಒಡೆಯುತ್ತದೆ. ಹನಿಗಳು ಒಂದನ್ನೊಂದು ತಳ್ಳಿ ಸಮದೂರದಲ್ಲಿ ನಿಲ್ಲುತ್ತವೆ. ಇದು ಘನದ ಕ್ರಮ. ಹನಿಗಳ ನಡುವೆ ವಿರಳವಾದ ಅನಿಲ ಉಳಿದಿರುವವರೆಗೆ ಎಲ್ಲವನ್ನೂ ಒಂದೇ ತರಂಗ ಬೆಸೆದಿರುತ್ತದೆ. ಇದು ಅತಿದ್ರವದ ಗುಣ.

ಲೆಗೆಟ್ ಅವರ ಪರೀಕ್ಷೆಯನ್ನು ಇಟಲಿಯವರು ೨೦೨೧ರಲ್ಲಿ ನಡೆಸಿದರು. ಹನಿಗಳ ಸಾಲನ್ನು ಮೆಲ್ಲಗೆ ತಿರುಚಿ ಬಿಟ್ಟು ಅದು ಓಲಾಡುವ ವೇಳೆಯನ್ನು ಅಳೆದಾಗ ಜಡತಾ ಮಹತ್ವ ಸಾಮಾನ್ಯ ಘನದ್ದಕ್ಕಿಂತ ಕಡಮೆಯೆಂದು ತಿಳಿಯಿತು. ಅದೇ ವರ್ಷ ಸಿದ್ಧಾಂತಿಗಳು ಇಂಥ ಹನಿಗಳನ್ನು ಬಳೆಯಾಕಾರದಲ್ಲಿ ಜೋಡಿಸಿದರೆ ಅವಿರತ ಪ್ರವಾಹ ನಿಲ್ಲಬಲ್ಲುದೆಂದೂ, ನಾವು ಮೇಲೆ ಕಂಡಂತೆ ಕೋನೀಯ ಸಂವೇಗವು ಪೂರ್ಣ ಕ್ವಾಂಟಮ್ಮಿಗಿಂತ ಕಡಮೆಯಿರುವುದೆಂದೂ ಲೆಕ್ಕಹಾಕಿದರು. ೨೦೨೪ರಲ್ಲಿ ಇನ್ಸ್‌ಬ್ರುಕ್‌ನವರು ಕಾಂತಕ್ಷೇತ್ರವನ್ನು ಓರೆಮಾಡಿ ತಿರುಗಿಸಿ, ಕಡೆಗೋಲಿನಿಂದ ಮಜ್ಜಿಗೆ ಕಡೆದಂತೆ ಅತಿಘನವನ್ನು ಕಡೆದು, ಅದರಲ್ಲಿ ಸುಳಿಗಳನ್ನು ಪ್ರತ್ಯಕ್ಷ ಕಂಡರು. ಹನಿಗಳ ನಡುವಣ ವಿರಳ ಸ್ಥಳದಲ್ಲಿ ಸುಳಿಯ ಪೊಳ್ಳಿಗೆ ಸುಲಭವಾಗಿ ಎಡೆ ದೊರೆಯುವುದರಿಂದ, ಸಾಮಾನ್ಯ ಅತಿದ್ರವದಲ್ಲಿ ಬೇಕಾಗುವುದಕ್ಕಿಂತ ಮಂದವಾದ ಕಡೆತಕ್ಕೇ ಅವು ಮೂಡಿದುವು. ಒಂದೇ ವಸ್ತುವಿನಲ್ಲಿ ಹನಿಗಳ ಸಾಲು ಘನದಂತೆ ತಿರುಗಿತು. ಸುಳಿಗಳು ಅತಿದ್ರವಕ್ಕೆ ಸಾಕ್ಷಿ ನುಡಿದುವು.

ಗಡಗಡಿಸಿದ ನಕ್ಷತ್ರ

ಇಷ್ಟೆಲ್ಲ ಶೈತ್ಯ ಪ್ರಯೋಗಶಾಲೆಯಲ್ಲಲ್ಲದೆ ಎಲ್ಲಿದೆ, ಇದರಿಂದ ನಮಗೇನು ಎಂದು ಕೇಳುವವರುಂಟು. ಅವರಿಗೆ ಉತ್ತರ ಆಕಾಶದಲ್ಲಿದೆ. ಅದನ್ನು ಕೇಳಿಸಿಕೊಂಡವರಲ್ಲಿ ಒಬ್ಬರು ನಮ್ಮವರು. ಸರ್ ಸಿ. ವಿ. ರಾಮನ್ ಅವರ ಪುತ್ರ ವಿ. ರಾಧಾಕೃಷ್ಣನ್ ಅವರು ೧೯೬೯ರಲ್ಲಿ ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೊ ದೂರದರ್ಶಕದಲ್ಲಿ ಆರ್. ಎನ್. ಮ್ಯಾಂಚೆಸ್ಟರ್ ಅವರೊಡನೆ ವೇಲಾ ಎಂಬ ಮಿಡಿಯುವ ನಕ್ಷತ್ರವನ್ನು ಪರೀಕ್ಷಿಸುತ್ತಿದ್ದರು. ಸೆಕೆಂಡಿಗೆ ಸುಮಾರು ೧೧ ಸಾರಿ ಸುತ್ತುವ ಆ ನಕ್ಷತ್ರ ದಿನದಿನಕ್ಕೆ ಅತ್ಯಲ್ಪವಾಗಿ ನಿಧಾನವಾಗುತ್ತಿತ್ತು. ಇದ್ದಕ್ಕಿದ್ದಂತೆ ಅದರ ವೇಗ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಹೆಚ್ಚಿತು! ಇದೇ ಬದಲಾವಣೆಯನ್ನು ಅಮೆರಿಕದ ವಿಜ್ಞಾನಿಗಳೂ ಸ್ವತಂತ್ರವಾಗಿ ಕಂಡರು. ರಾಧಾಕೃಷ್ಣನ್ ಅವರು ೧೯೭೨ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಇಂಥ ನಕ್ಷತ್ರದ ಹೊರಚಿಪ್ಪು ಘನ. ಚಿಪ್ಪಿನ ಒಳಭಾಗದ ಸಂದುಗಳಲ್ಲೆಲ್ಲ ನ್ಯೂಟ್ರಾನುಗಳ ಅತಿದ್ರವ. ಚಿಪ್ಪು ನಿಧಾನವಾದರೂ ಅತಿದ್ರವದ ಸುಳಿಗಳು ಚಿಪ್ಪಿಗೆ ಸಿಕ್ಕಿಕೊಂಡು ಹಳೆಯ ವೇಗವನ್ನೇ ಉಳಿಸಿಕೊಂಡಿರುತ್ತವೆ. ವ್ಯತ್ಯಾಸ ಮಿತಿಮೀರಿದಾಗ ಅನೇಕ ಸುಳಿಗಳು ಒಮ್ಮೆಗೇ ಕಳಚಿಕೊಂಡು ಹೊರಗೆ ಸರಿದು ತಮ್ಮ ಕೋನೀಯ ಸಂವೇಗವನ್ನು ಚಿಪ್ಪಿಗೆ ಕೊಡುತ್ತವೆ. ನಕ್ಷತ್ರ ಧಡಕ್ಕನೆ ವೇಗಗೊಳ್ಳುತ್ತದೆ. ಈ ವಿವರಣೆಯನ್ನು ೧೯೭೫ರಲ್ಲಿ ಆಂಡರ್ಸನ್ ಮತ್ತು ಇಟೋ ಅವರು ಸೂಚಿಸಿದರು. ೨೦೨೩ರಲ್ಲಿ ಡಿಸ್ಪ್ರೋಸಿಯಮ್ಮಿನ ಅತಿಘನವೂ ಹೀಗೆಯೇ ವರ್ತಿಸುವುದೆಂದು ಗಣಕಯಂತ್ರದ ಲೆಕ್ಕಗಳು ತೋರಿಸಿದುವು. ನಕ್ಷತ್ರವನ್ನು ಒಡೆದು ನೋಡುವಂತಿಲ್ಲ. ಆದರೆ ಅದು ತಿರುಗುವಾಗ ಒಳಗಿನದು ಗಡಗಡಿಸಿದ್ದನ್ನು ರಾಧಾಕೃಷ್ಣನ್ ಅವರು ಕೇಳಿಸಿಕೊಂಡರು. ಅಟ್ಟದ ಮೇಲಿನ ಕಾಯನ್ನು ಕಿವಿಗೆ ಹಿಡಿಯುವ ರೈತನಿಗೆ ಈ ವಿದ್ಯೆ ಅಪರಿಚಿತವೇನೂ ಅಲ್ಲ.

ವಿದ್ಯಾರ್ಥಿಗಳಿಗೆ ಅಭ್ಯಾಸ

೧. ಬಳೆಯ ಅರ್ಧದಲ್ಲಿ ಸಾಂದ್ರತೆ ೧.೮, ಇನ್ನರ್ಧದಲ್ಲಿ ೦.೨ ಆದರೆ ಅತಿದ್ರವಾಂಶವೆಷ್ಟು? ವಿರಳಭಾಗದ ಸಾಂದ್ರತೆ ಸೊನ್ನೆಯಾದರೆ ವಸ್ತುವು ಏನಾಗುತ್ತದೆ?

೨. ಸೋಡಿಯಮ್ ಬಳೆಯ ತ್ರಿಜ್ಯವನ್ನು ಇಮ್ಮಡಿಗೊಳಿಸಿದರೆ ಒಂದು ಸುತ್ತಿಗೆ ಎಷ್ಟು ಸೆಕೆಂಡು ಹಿಡಿಯುತ್ತದೆ?

೩. ಎಣ್ಣೆಯ ತಂಬಿಗೆಯ ಪ್ರಯೋಗವನ್ನು ಮಾಡಿರಿ. ಮರಳಿನ ತಂಬಿಗೆಯನ್ನು ಮರೆಯಬೇಡಿರಿ.

(ಉತ್ತರಗಳು: ೧. ನೂರಕ್ಕೆ ೩೬; ಹನಿಗಳ ನಡುವಣ ಬೆಸುಗೆ ಕಡಿದು ಅವಿರತ ಪ್ರವಾಹ ಅಸಾಧ್ಯವಾಗುತ್ತದೆ. ೨. ವೇಗ ಅರ್ಧ, ದಾರಿ ಇಮ್ಮಡಿ. ಆದ್ದರಿಂದ ಸುಮಾರು ೩.೬ ಸೆಕೆಂಡು.)